ಒಂದನೇ ಫ್ಲಾಪಿ

೩ ಅಕ್ಟೋಬರ್ ೧೯೮೮, ಸೋಮವಾರ

ಪೇಪರ್ ತಡ. ಹುಬ್ಬಳ್ಳಿ ಬಸ್ಸು ಪಂಕ್ಚರ್ ಆಗಿತ್ತಂತೆ. ಪೇಪರ್ ಓದದೆ ಆಫೀಸಿಗೆ ಹೋದ ದಿನ ಏನೋ ಒಂದು ತಪ್ಪುತ್ತದೆ.

ಬಂದ ಕಾಗದ, ಆವಕ, ೨೨. ಹೋದದ್ದು, ಜಾವಕ, ೨. ಹಿಂಗಾರಿ ಜೋಳದ ಬೀಜಕ್ಕೆ ಅರ್ಜಿಗಳೇ ಹೆಚ್ಚು. ಮಧ್ಯಾಹ್ನ ಮುಂಡರಗಿ ಸಂಘದಿಂದ ಟೆಂಪೋ ಬಂತು. ಅದರಲ್ಲಿ ಕಂಪ್ಯೂಟರ್. ಹೊಸದಲ್ಲ. ಎರಡು ವರ್ಷ ಅಲ್ಲಿಯ ಗೋದಾಮಿನಲ್ಲಿ ಗೋಣಿಚೀಲ ಹೊದ್ದು ಕೂತಿತ್ತಂತೆ. ಅವರಿಗೆ ಬೇಡ, ನಮ್ಮ ಬೀಜ ಸಂಘಕ್ಕೆ ಬೇಕು. ಯಾವ ಹೊಲದ ಬೀಜ, ನೂರಕ್ಕೆ ಎಷ್ಟು ಮೊಳಕೆ, ಯಾವ ಊರಿಗೆ ಹೋಯಿತು — ಎಲ್ಲ ಒಂದೇ ಕಡೆ ಇರಬೇಕೆಂದು ಸೆಕ್ರೆಟರಿ ಪುಂಡಲೀಕಪ್ಪನವರ ಆಸೆ.

ನಾನೇ ಇಳಿಸಿಕೊಂಡೆ. ರಜಿಸ್ಟರಿನಲ್ಲಿ ಬರೆದದ್ದು: ಪರದೆ ೧, ಪೆಟ್ಟಿಗೆ ೧, ಕೀಬೋರ್ಡ್ ೧, ಇಂಗ್ಲಿಷ್ ಪುಸ್ತಕ ೨. ಆಮೇಲೆ ಫ್ಲಾಪಿ — ಕರಿಯ ತೆಳು ಚೌಕ, ಹಪ್ಪಳದಷ್ಟು ಹಗುರ. ದಾರ ಕಟ್ಟಿದ ಒಂದು ಕಟ್ಟು. ಮೇಲಿನದರ ಚೀಟಿಯಲ್ಲಿ ೧೪ ಎಂದಿತ್ತು. 'ಫ್ಲಾಪಿ ೧೪' ಎಂದು ಬರೆದೆ. ಕಟ್ಟಿನ ಹೊರಗೆ, ಬೇರೆ ಲಕೋಟೆಯಲ್ಲಿ ಇನ್ನೊಂದು. ಅದೇ ನೀಲಿ ಶಾಯಿ, ಅದೇ ಕೈ. ಚೀಟಿಯಲ್ಲಿ 'ಲಾಭ' ಎಂದಷ್ಟೇ.

ಹಾಜಿರಾಬಿ ಸಹಿ ಮಾಡಲು ಬಂದಳು. ಬೆಟಗೇರಿಯವಳು. ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವಳು. ಜುಲೈನಿಂದ ನಮ್ಮಲ್ಲಿ ಹಂಗಾಮಿ ಆಪರೇಟರ್. ಕಂಪ್ಯೂಟರ್ ಇಲ್ಲದ ಆಪರೇಟರ್ ಎಂದು ಮೂರು ತಿಂಗಳಿಂದ ಎಲ್ಲರ ನಗೆ.

"ದಾರ ಬಿಚ್ಚಿ ಎಣಸ್ಲೇನ್ರಿ ಸರ್ರ?"

"ನಂಬರ ಹಾಕ್ಯಾರಲ್ಲವಾ. ಇಂಜಿನಿಯರ್ ಬರೂತನಕ ಬಿಚ್ಚಬ್ಯಾಡ."

ಸಹಿ ಹಾಕಿದಳು. ಕಟ್ಟು ಅವಳ ಡ್ರಾಯರಿನಲ್ಲಿ, ಬೀಗದೊಳಗೆ.

೫ ಅಕ್ಟೋಬರ್

'ಲಾಭ' ಫ್ಲಾಪಿಯನ್ನು ಮುಂಡರಗಿಗೆ ಮರಳಿ ಕಳಿಸಿದೆ. ಜಾವಕ ೩೧೧. "ತಮ್ಮ ಸಂಘದ ಲಾಭ-ನಷ್ಟದ ದಾಖಲೆಯು ಕಣ್ತಪ್ಪಿನಿಂದ ನಮ್ಮಲ್ಲಿಗೆ ಬಂದಿರುತ್ತದೆ. ಇದರೊಂದಿಗೆ ಹಿಂದಿರುಗಿಸಿದೆ." ಇನ್ನೊಬ್ಬರ ಮನೆಯ ಲಾಭ ನಮ್ಮ ಕಪಾಟಿನಲ್ಲಿ ಯಾಕೆ. ಕೆಲಸ ಚೊಕ್ಕಟ ಆಯಿತು.

೧೧ ಅಕ್ಟೋಬರ್, ಮಂಗಳವಾರ

ಯಂತ್ರ ಆನ್ ಮಾಡಿದರು. ಫ್ಯಾನ್ ತಿರುಗಿತು. ಪರದೆಯಲ್ಲಿ ಒಂದು ಸಾಲು — ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಎಂದು. ಸೆಕ್ರೆಟರಿ ಮುಖ ಇಳಿಯಿತು.

ಹಾಜಿರಾಬಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಜ್ವರ ನೋಡುವವರ ಹಾಗೆ.

"ಒಳಗ ತಿರಗವಲ್ದರಿ. ಬಾಳ ದಿನ ಕುಂತೈತಲ್ಲ, ಹಿಡಕೊಂಡೈತಿ."

ಸ್ಕ್ರೂ ಬಿಚ್ಚಿದಳು. ಇಟ್ಟಿಗೆಯಂಥ ಡಿಸ್ಕನ್ನು ವಾಯರ್ ಸಮೇತ ಅಂಗೈ ಮೇಲೆ ತಗೊಂಡಳು. "ಈಗ ಹಚ್ರಿ" ಅಂದಳು. ನಾನು ಸ್ವಿಚ್ ಒತ್ತಿದೆ. ಅವಳು ಮಣಿಕಟ್ಟನ್ನು ಒಮ್ಮೆ ತಟ್ಟನೆ ತಿರುಗಿಸಿದಳು, ಅಷ್ಟೇ. ಬೀಸುಕಲ್ಲು ಮೊದಲ ಸುತ್ತು ತಗೊಂಡ ಹಾಗೆ ಗುಂಯ್ ಎಂದಿತು.

ಪುಸ್ತಕದಲ್ಲಿ ಇದೆಯೋ ಎಂದು ಕೇಳಿದೆ. ಇಲ್ಲವಂತೆ. ಹುಬ್ಬಳ್ಳಿಯಲ್ಲಿ ಒಬ್ಬ ರಿಪೇರಿಯವನು ಮಾಡಿದ್ದನ್ನು ಒಮ್ಮೆ ನೋಡಿದ್ದಳಂತೆ. ಒಮ್ಮೆ!

೧೪ ಅಕ್ಟೋಬರ್

ಯಂತ್ರದೊಳಗೆ ಇರುವುದು ಯುನಿಕ್ಸ್ ಜಾತಿಯ ವ್ಯವಸ್ಥೆ. ಯಂತ್ರವನ್ನು ನಡೆಸುವ ಕಾರಭಾರಿ ಅಂತ ತಿಳಿದುಕೊಂಡಿದ್ದೇನೆ. ಆ ಕಾರಭಾರಿ ಅರ್ಧ ಎದ್ದು ಬಿದ್ದುಬಿಡುತ್ತಾನೆ. ಬೀಳುವ ಮುಂಚೆ ಪರದೆಯ ಮೇಲೆ 'ಪ್ಯಾನಿಕ್' ಎಂದು ಬರೆಯುತ್ತಾನೆ. ಡಿಕ್ಷನರಿ ನೋಡಿದೆ — ಗಾಬರಿ. ನನಗೆ ಗಾಬರಿಯಾಗಿದೆ ಎಂದು ತಾನೇ ಹೇಳಿ ನಿಲ್ಲುವುದು ದೊಡ್ಡ ಗುಣ. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಹಾಗೆ ಹೇಳಿದ ಮನುಷ್ಯನನ್ನು ಕಂಡಿಲ್ಲ.

ಹಾಜಿರಾಬಿಯ ನೋಟುಬುಕ್ ನೋಡಿದೆ. ಎಡ ಪುಟದಲ್ಲಿ ತಾನು ಮಾಡಿದ್ದು. ಬಲ ಪುಟದಲ್ಲಿ ಯಂತ್ರ ಹೇಳಿದ್ದು, ಅಕ್ಷರಕ್ಕೆ ಅಕ್ಷರ. ಗಂಟೆ ನಿಮಿಷ ಸಮೇತ. 'ಬಹುಶಃ', 'ಇರಬಹುದು' ಎಂಬ ಮಾತೇ ಇಲ್ಲ. ಎಷ್ಟು ವರದಿಗಾರರಿಗೆ ಇದು ಬರುತ್ತದೆ?

ರಿಪೇರಿಯ ಹುಕುಂ ಒಂದಿದೆಯಂತೆ. ಕೊಟ್ಟಳು. ಯಂತ್ರ ಒಂದೊಂದೇ ಪ್ರಶ್ನೆ ಕೇಳುತ್ತ ಹೋಯಿತು — ಇದನ್ನು ಅಳಿಸಲೇ, ಇದನ್ನು ಸೇರಿಸಲೇ. ಅರವತ್ತೊಂದು ಪ್ರಶ್ನೆ. ಯಾರ ಕಡತ ಎಂದು ಗೊತ್ತಾಗದ ಚೂರುಗಳನ್ನು ತಾನೇ ಒಂದು ಕೋಣೆಯಲ್ಲಿ ಹಾಕಿತು. ಆ ಕೋಣೆಯ ಹೆಸರು 'ಕಳೆದದ್ದು-ಸಿಕ್ಕಿದ್ದು'. ಬಸ್ ಸ್ಟ್ಯಾಂಡಿನಲ್ಲೂ ಇಂಥದೊಂದು ಇರಬೇಕಿತ್ತು.

ಆದರೂ ಏಳಲಿಲ್ಲ. ಹಾಜಿರಾಬಿ ಹೇಳುವುದು: ಡಿಸ್ಕ್ ಪೂರಾ ಒರೆಸಿ, ಫ್ಲಾಪಿಗಳಿಂದ ಯುನಿಕ್ಸ್ ಮತ್ತೆ ಹಾಕಬೇಕು. ಅದಕ್ಕೆ ಇಂಜಿನಿಯರ್ ಬೇಕು. ದಸರಾ ಆದ ಮೇಲೆ ಬರುತ್ತಾನಂತೆ.

೨೪ ಅಕ್ಟೋಬರ್, ಸೋಮವಾರ. ಬೆಳಿಗ್ಗೆ ೧೧

ಇಂಜಿನಿಯರ್ ದೇವೇಂದ್ರಪ್ಪ ಹುಬ್ಬಳ್ಳಿಯಿಂದ ಬಂದಿದ್ದಾನೆ. ಟೈ ಕಟ್ಟಿದ್ದಾನೆ. ಬಂದವನೇ ಡಿಸ್ಕ್ ಒರೆಸಲು ಕುಳಿತ.

ಹಾಜಿರಾಬಿ, "ಮೊದ್ಲ ಫ್ಲಾಪಿ ಎಲ್ಲಾ ಓದ್ತಾವೋ ಇಲ್ಲೋ ನೋಡೂಣ್ರಿ, ಆಮ್ಯಾಲೆ ಒರಸ್ರಿ" ಅಂದಳು.

"ಫ್ಲಾಪಿ ಪೂರಾ ಅದಾವಲ್ಲ?" ನನ್ನ ಕಡೆ ತಿರುಗಿ ಕೇಳಿದ.

"ಹದಿನಾಲ್ಕು. ರಜಿಸ್ಟರಿನ್ಯಾಗ ಐತಿ" ಅಂದೆ.

ಒರೆಸಿದ. ಎರಡು ತಾಸು ಹಿಡಿಯಿತು.

ಅದೇ ದಿನ, ಸಂಜೆ ೪

ದಾರ ಬಿಚ್ಚಿದರು. ೧೪, ೧೩, ೧೨... ಕೆಳಗೆ ೨. ಅದರ ಕೆಳಗೆ ಮೇಜು.

ಒಂದನೆಯದು ಇಲ್ಲ.

ಯುನಿಕ್ಸನ್ನು ಎಬ್ಬಿಸುವುದೇ ಒಂದನೆಯದಂತೆ. ಅದಿಲ್ಲದೆ ಉಳಿದ ಹದಿಮೂರೂ ಹಪ್ಪಳವೇ. ಇದನ್ನು ಮಾರಿದ ಕಂಪನಿ ಬಾಗಿಲು ಹಾಕಿ ಮೂರು ವರ್ಷ. ಬೇರೆ ಕಡೆಯ ಒಂದನೆಯದು ಈ ಹದಿಮೂರಕ್ಕೆ ಹೊಂದುವುದಿಲ್ಲ.

ದೇವೇಂದ್ರಪ್ಪ ನಕ್ಕ. "ಏನವಾ ತಂಗಿ, ಒಂದನೇದ್ನ ಉಪ್ಪಿನಕಾಯಿ ಹಾಕೀಯೇನು?"

"ಹಾಕಿದ್ರ ನಿಮಗ ಊಟಕ್ಕ ಬಡಸ್ತಿದ್ದೆ ಬಿಡ್ರಿ. ಒರಸೂಕಿಂತ ಮೊದ್ಲ ನೋಡೂಣು ಅಂದಾಕಿ ನಾನು."

ಅವನ ನಗೆ ನಿಂತಿತು. ಆದರೆ ಸೆಕ್ರೆಟರಿಯ ನೋಟ ರಜಿಸ್ಟರಿನ ಮೇಲೆ ಹೋಯಿತು. ಫ್ಲಾಪಿ ೧೪. ಪಡೆದುಕೊಂಡೆ: ಹಾಜಿರಾಬಿ.

೨೫ ಅಕ್ಟೋಬರ್

ಹುಡುಕಿದೆವು. ಡ್ರಾಯರ್, ಕಪಾಟು, ಕಪಾಟಿನ ಹಿಂದೆ, ಬೀಜದ ಚೀಲಗಳ ನಡುವೆ. ಟೆಂಪೋದವನ ಮನೆಗೂ ಜನ ಹೋಗಿ ಬಂತು. ಇಲ್ಲ.

ಹಾಜಿರಾಬಿ ಒಂದೇ ಮಾತು: "ಬೀಗಾ ನನ್ನ ಹಂತ್ಯಾಕ ಇತ್ತರಿ. ಕಟ್ಟು ಬಿಚ್ಚಿಲ್ಲ." ಅಳಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ರಜಿಸ್ಟರೂ ಸುಳ್ಳು ಹೇಳುವುದಿಲ್ಲ. ಎರಡೂ ಖರೆ ಇರಲು ಸಾಧ್ಯವಿಲ್ಲ. ಇಲ್ಲಿಗೆ ಬಂದು ನನ್ನ ತಲೆ ನಿಲ್ಲುತ್ತದೆ.

೨ ನವೆಂಬರ್, ಬುಧವಾರ

ವಾರದಿಂದ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದಾರೆ.

ಇಂದು ಸೆಕ್ರೆಟರಿ ಕರೆದರು. ೨೬ಕ್ಕೆ ಆಡಳಿತ ಮಂಡಳಿ ಸಭೆ. ಹಾಜಿರಾಬಿಯ ಹುದ್ದೆ ಕಾಯಂ ಮಾಡುವುದು ಅಜೆಂಡಾದಲ್ಲಿತ್ತು. ಈಗ ಅದನ್ನು ಹೊಡೆದು, 'ನಿರ್ಲಕ್ಷ್ಯದ ಬಗ್ಗೆ ಕ್ರಮ' ಎಂದು ಹಾಕಿಸಿದ್ದಾರೆ. ಅವಳಿಗೆ ಮೆಮೊ. ಏಳು ದಿನದಲ್ಲಿ ಉತ್ತರ.

"ನನಗೂ ಮನಸ್ಸಿಲ್ರಿ ಮೈಲಾರಲಿಂಗಪ್ನೋರ" ಅಂದರು. "ಖರೆ, ಸಹಿ ಆಕೀದೈತಿ."

ಮೆಮೊ ಟೈಪ್ ಮಾಡಿದವನು ನಾನೇ. 'ನಿರ್ಲಕ್ಷ್ಯ' ಎಂಬ ಪದ ಒಮ್ಮೆ ಕಾಗದದ ಮೇಲೆ ಬಂದರೆ ಜಿಲ್ಲೆಯ ಯಾವ ಸಂಘವೂ ಅವಳನ್ನು ಒಳಗೆ ಬಿಡುವುದಿಲ್ಲ. ನನಗೆ ಗೊತ್ತು. ಅಂಥ ಕಾಗದಗಳನ್ನು ಆವಕದಲ್ಲಿ ಏರಿಸುವವನು ನಾನು.

ಅವಳು ಎರಡು ದಿನದಿಂದ ರಜೆ. ಮನೆಗೇ ಮುಟ್ಟಿಸಬೇಕಂತೆ.

೪ ನವೆಂಬರ್, ಶುಕ್ರವಾರ

ಸುದ್ದಿ ಬರೆಯುವ ಹಾಗೆ ಬರೆಯುತ್ತೇನೆ — ಯಾರು, ಎಲ್ಲಿ, ಯಾವಾಗ.

ಮಧ್ಯಾಹ್ನ ಮೂರಕ್ಕೆ ಬೆಟಗೇರಿಗೆ ಹೋದೆ. ಕಿಸೆಯಲ್ಲಿ ಮೆಮೊ. ಹಾಜಿರಾಬಿಯ ಅಪ್ಪ ಬುಡ್ಡೇಸಾಬರು ಅಂಗಳದಲ್ಲಿ ಕುಳಿತಿದ್ದರು. ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಕಾಳು ಅಳೆದವರು. ಈಗ ತೂಕದ ಯಂತ್ರ ಬಂದು ಆ ಕೆಲಸವಿಲ್ಲ. ಕಳಸಾಪುರದ ಯಾರೋ ರೈತರು ಒಂದು ಚೀಲ ಬೀಜದ ಜೋಳ ತಂದು, ನಿಮ್ಮ ಕೈಯಿಂದಲೇ ಅಳೀರಿ ಅಂದಿದ್ದರಂತೆ. ಚಾದರದ ಮೇಲೆ ಜೋಳದ ರಾಶಿ. ಕೈಯಲ್ಲಿ ಹಿತ್ತಾಳೆಯ ಸೇರು.

ನನ್ನನ್ನು ನೋಡಿ ಕಣ್ಣಲ್ಲೇ ಕುಂಡ್ರಿ ಅಂದರು. ಅಳೆಯಲು ಕುಳಿತವರು ನಡುವೆ ಮಾತಾಡುವುದಿಲ್ಲ. ಮಾತಾಡಿದರೆ ಎಣಿಕೆ ಕೆಡುತ್ತದೆ, ರಾಶಿಗೂ ಒಳ್ಳೆಯದಲ್ಲ. ಇದು ನನಗೂ ಗೊತ್ತು. ಕಟ್ಟೆಯ ಮೇಲೆ ಕೂತೆ.

ಸೇರು ತುಂಬಿ, ಗೋಪುರ ಏರಿಸಿ, ಚೀಲಕ್ಕೆ ಸುರಿದರು.

"ಲಾ...ಭ."

ಎರಡನೆಯ ಸೇರು. "ಎಲ್ಡ... ಎಲ್ಡ... ಎಲ್ಡ..." ಮುಂದಿನದು ತುಂಬುವ ತನಕ ಅದೇ ಅಂಕಿ ಹಾಡಿನ ಹಾಗೆ. "ಮೂರ... ಮೂರ..."

ಹುಟ್ಟಿದಾಗಿನಿಂದ ಕೇಳಿದ್ದು. ರಾಶಿ ಅಳೆಯುವಾಗ ಯಾರೂ 'ಒಂದು' ಅನ್ನುವುದಿಲ್ಲ. ಒಂದು ಅಂದರೆ ಒಂಟಿ, ಅಲ್ಲಿಗೇ ಮುಗಿದೀತು ಎಂದು. ಮೊದಲ ಸೇರು ಲಾಭ. ಅವರ ಕೈ ನೋಡುತ್ತ ಕೂತೆ. ಎಷ್ಟು ಸಮ! ಪ್ರತಿ ಗೋಪುರಕ್ಕೂ ಅಷ್ಟೇ ಕಾಳು, ಒಂದು ಕಾಳೂ ಹೊರಗಿಲ್ಲ. ಮಗಳಿಗೆ ಆ ಮಣಿಕಟ್ಟು ಎಲ್ಲಿಂದ ಬಂತೆಂದು ಗೊತ್ತಾಯಿತು.

"ಹದಿನಾಕ... ಹದಿನಾಕ..."

ಹದಿನಾಲ್ಕು ಸೇರು ಬಿದ್ದಿವೆ. 'ಒಂದು' ಎಂಬ ಮಾತು ಒಮ್ಮೆಯೂ ಬಂದಿಲ್ಲ.

ಎದ್ದು ನಿಂತುಬಿಟ್ಟೆ.

ಅದೇ ನೀಲಿ ಶಾಯಿ. ಅದೇ ಕೈ. ಬೇರೆ ಲಕೋಟೆ. ಜಾವಕ ೩೧೧.

ಬುಡ್ಡೇಸಾಬರು ಅಳೆಯುವುದನ್ನು ನಿಲ್ಲಿಸಲಿಲ್ಲ. ಚೀಲ ಮುಗಿಯುವವರೆಗೂ ನಿಂತೇ ಇದ್ದೆ. ನಲವತ್ತೆರಡು ಸೇರು. ಆಮೇಲೆ, "ಏನಾತ್ರಿ ಕಾರಕೂನ್ರ, ಚೇಳು ಕಡೀತೇನು?" ಅಂದರು.

ಹಾಜಿರಾಬಿ ಒಳಗಿನಿಂದ ಚಹಾ ತಂದಳು. ಹೇಳಿದೆ. ಕಟ್ಟಿನಲ್ಲಿ ಇದ್ದದ್ದೇ ಹದಿಮೂರು. ಮೇಲಿನ ನಂಬರ್ ನೋಡಿ ಹದಿನಾಲ್ಕು ಅಂತ ಬರೆದವನು ನಾನು. ನಿನ್ನ ಒಂದನೆಯದನ್ನು ಲಾಭ-ನಷ್ಟದ ಲೆಕ್ಕ ಅಂತ ತಿಳಿದು ಮುಂಡರಗಿಗೆ ಪೋಸ್ಟ್ ಮಾಡಿದವನೂ ನಾನು.

ಅವಳು ನನ್ನನ್ನೇ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಬೇಕಿತ್ತು.

"ಲಾಭ ಅಂತ ಬರದಿತ್ತೇನ್ರಿ?" ಅಂದಳು. "ನನಗ ಒಂದ ಮಾತು ಹೇಳಿದ್ರ ಆಗ ಹೇಳ್ತಿದ್ನಲ್ರಿ ಸರ್ರ! ನಮ್ಮ ಮನ್ಯಾಗ ರೊಟ್ಟಿನೂ ಹಂಗ ಎಣಸ್ತಾರ."

ಬುಡ್ಡೇಸಾಬರು ನಕ್ಕು ನಕ್ಕು ಕೆಮ್ಮಿದರು. "ಲಾಭಾನ ಪೋಸ್ಟಿಗೆ ಹಾಕಿದ ಮನಶ್ಯಾನ್ನ ಇದ ಮೊದ್ಲ ನೋಡಿದ್ದು ನಾನು!"

ನಗುವುದಕ್ಕೆ ಅವರಿಗೆ ಹಕ್ಕಿದೆ. ಮೆಮೊ ಕಿಸೆಯಲ್ಲೇ ಉಳಿಯಿತು.

೫ ನವೆಂಬರ್

ಮುಂಡರಗಿಗೆ ಟ್ರಂಕ್ ಕಾಲ್. ಮೂರು ತಾಸಿಗೆ ಸಿಕ್ಕಿತು. ಕಪಾಟಿನ ಕೀಲಿಯಿದ್ದವರು ರಜೆ, ದೀಪಾವಳಿ ಆದ ಮೇಲೆ ಬರ್ರಿ ಅಂದರು. 'ಲಾಭ ಅಂತ ಬರೆದ ಫ್ಲಾಪಿ ಹುಷಾರಾಗಿ ಇಡ್ರಿ' ಎಂದು ಮೂರು ಸಲ ಕೂಗಿದೆ. ಆ ಕಡೆಯವನು "ಹಾಂ ಹಾಂ, ಲಾಭ, ಆತ್ರಿ" ಅಂದ. ಏನು ತಿಳಿದನೋ.

ಸೆಕ್ರೆಟರಿಗೆ ಎಲ್ಲ ಹೇಳಿದೆ. "ಮೊದ್ಲ ಸಿಗಲಿ" ಅಂದರು. ಸಿಗದಿದ್ದರೆ ನನ್ನ ಮಾತಿಗೆ ಸಾಕ್ಷಿ ಒಂದು ಜಾವಕ ನಂಬರ್ ಮಾತ್ರ. ಸಿಕ್ಕು, ಓದದಿದ್ದರೆ ಯಂತ್ರ ಗುಜರಿಗೆ. ಯಂತ್ರವಿಲ್ಲದ ಮೇಲೆ ಆಪರೇಟರ್ ಹುದ್ದೆಯೂ ಇಲ್ಲ. ಮೆಮೊ ಇದ್ದರೂ ಇಲ್ಲದಿದ್ದರೂ ಅಷ್ಟೇ.

೧೧ ನವೆಂಬರ್, ಶುಕ್ರವಾರ

ಮೊದಲ ಬಸ್ಸು. ಡಂಬಳದಲ್ಲಿ ಹತ್ತು ನಿಮಿಷ ನಿಂತಿತು, ಕೆರೆಯ ಕಡೆ ನೋಡುತ್ತ ಕೂತೆ. ಪೇಪರ್ ಕೊಂಡಿದ್ದೆ, ಓದಲಾಗಲಿಲ್ಲ.

ಮುಂಡರಗಿ ಆಫೀಸಿನ ಬಾಗಿಲಿಗೆ ಇನ್ನೂ ಬಾಳೆ ಕಂಬ. ಒಳಗೆ ಗೋಡೆಯ ಗೂಡಿನಲ್ಲಿ ಲಕ್ಷ್ಮಿ ಫೋಟೋ. ಫೋಟೋದ ಮುಂದೆ, ವೀಳ್ಯದೆಲೆಯ ಮೇಲೆ, ನಮ್ಮ ಒಂದನೇ ಫ್ಲಾಪಿ. ಅರಿಶಿನ, ಕುಂಕುಮ, ಮೇಲೆ ನಾಲ್ಕು ಅಕ್ಕಿಕಾಳು, ಒಂದು ಚೆಂಡುಹೂ.

ಕಸ ಹೊಡೆಯುವ ಮುತ್ತವ್ವ ಹೇಳಿದಳು: "ಲಕೋಟ್ಯಾಗಿಂದ ಲಾಭ ಅಂತ ಬಂತಲ್ರಿ. ದೇವರ ಕಳಿಸ್ಯಾನ ಅಂತ ಮಾನಮಿಗೆ ಒಮ್ಮಿ ಪೂಜಿ ಮಾಡಿದ್ವಿ, ಮೊನ್ನಿ ದೀಪಾವಳಿಗೆ ಒಮ್ಮಿ. ನೀವೂ ಫೋನಿನ್ಯಾಗ ಹುಷಾರ್ ಇಡ್ರಿ ಅಂದ್ರಂತ. ಇದಕ್ಕಿಂತ ಹುಷಾರ್ ಇನ್ನೆಲ್ಲಿಡೂದು?"

ಅದನ್ನು ಕೊಡು ಎಂದು ಕೇಳಿದೆ. ಕೊಡಲೊಲ್ಲಳು.

"ಶುಕ್ರವಾರ ಲಾಭ ಹೊರಗ ಕೊಡ್ತಾರೇನ್ರಿ ಯಾರರೆ?"

ಅಲ್ಲಿಯ ಸೆಕ್ರೆಟರಿಯೂ ಗಲ್ಲ ಕೆರೆದುಕೊಂಡ. ಅವನಿಗೂ ಮನಸ್ಸಿಲ್ಲ. ಕೊನೆಗೆ ನನ್ನ ಬುತ್ತಿ ಡಬ್ಬಿಯ ಮುಚ್ಚಳದಷ್ಟು ರಟ್ಟು ಕತ್ತರಿಸಿ, ದುಂಡಗಿನ ಅಕ್ಷರದಲ್ಲಿ 'ಲಾಭ' ಎಂದು ಬರೆದೆ. ಮುತ್ತವ್ವ ಅದನ್ನು ಎಲೆಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ಆಮೇಲೆ ಫ್ಲಾಪಿ ಕೊಟ್ಟಳು.

"ಅಕ್ಷರ ನಿಮ್ಮದ ಚಂದ ಐತಿ" ಅಂದಳು. "ಅದು ಮರ್ದಾನಸಾಬ್ರ ಕೈ. ನಮ್ಮ ಗೋದಾಮಿನ ಅಳತೀಯವ್ರು, ಹ್ವಾದ ವರ್ಷ ತೀರಿಕೊಂಡ್ರು. ಚೀಟಿ ಎಲ್ಲಾ ಅವರ ಬರದಿದ್ದು. ಅವರ ಬಾಯಾಗ ಒಂದು ಅನ್ನೂದು ಬರ್ತಿದ್ದಿಲ್ರಿ. ಒಂದ ಗಂಟಿ ಆಗಿದ್ರೂ, ಹನ್ನೆಲ್ಡ ಆಗಿ ಹೋತು ಅಂತಿದ್ರು."

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಕಾಣದ ಮನುಷ್ಯನ ಮೇಲೆ ಗೌರವ ಮೂಡಿತು. ಅವರು ತಪ್ಪು ಬರೆದಿರಲಿಲ್ಲ. ತಪ್ಪು ಓದಿದವನು ನಾನು.

ಸಂಜೆ ೫. ಹಾಜಿರಾಬಿ ಕೈಯಲ್ಲಿಟ್ಟೆ. ಬೆಳಕಿಗೆ ಹಿಡಿದು ನೋಡಿದಳು. ಚೌಕದ ನಡುವಿನ ಕಿಂಡಿಯಿಂದ ಒಳಗಿನ ತಟ್ಟೆಗೆ ಅರಿಶಿನ ಇಳಿದಿದೆ. ಎಣ್ಣೆ ಬೆರಳಿನ ಗುರುತು. ಒಂದು ಅಕ್ಕಿಕಾಳು ಒಳಗೇ ಕೂತಿದೆ.

"ಹಿಂಗ ಹಾಕಿದ್ರ ಡ್ರೈವೂ ಹಾಳು, ಇದೂ ಹಾಳು. ಎರಡ ದಿನಾ ಕೊಡ್ರಿ" ಅಂದಳು.

೧೨ ನವೆಂಬರ್, ಶನಿವಾರ

ಇಂದು ಕಂಡದ್ದನ್ನು ಯಾವ ಪೇಪರೂ ಹಾಕುವುದಿಲ್ಲ. ಅದಕ್ಕೆ ಇಲ್ಲಿ.

ಲಾಭದ ಫ್ಲಾಪಿಯನ್ನು ಅವಳು ಮುಟ್ಟಲಿಲ್ಲ. ಹುಬ್ಬಳ್ಳಿಯಲ್ಲಿ ಕಲಿಯುವಾಗಿನ ಒಂದು ಡಾಸ್ ಫ್ಲಾಪಿ ಅವಳ ಹತ್ತಿರ ಇತ್ತು; ಯುನಿಕ್ಸ್ ಹಾಕಲು ಬಾರದು, ಆದರೆ ಫ್ಲಾಪಿ ಬರೆಯಲು, ಓದಲು ಅಷ್ಟು ಸಾಕಂತೆ. ಅದರಿಂದ ಯಂತ್ರ ಎಬ್ಬಿಸಿ, ಮೊದಲು ಒಂದು ಖಾಲಿ ಫ್ಲಾಪಿಯ ಮೇಲೆ ನಮ್ಮ ಬೀಜದ ಪಟ್ಟಿಯ ಎರಡು ಪುಟ ಬರೆಸಿದಳು. ಆಮೇಲೆ ಬೇಕೆಂದೇ ಅದಕ್ಕೆ ಅರಿಶಿನ, ಕುಂಕುಮ, ಎಣ್ಣೆ ಹಚ್ಚಿದಳು. ನನಗೆ ತಲೆ ಕೆಟ್ಟಿತು.

"ಯಾಕವಾ, ಹೊಸಾದ್ನ ಹಾಳ ಮಾಡ್ತಿ?"

"ಹಳೇದ್ನ ಉಳಿಸಾಕ್ರಿ. ತಪ್ಪು ಮಾಡೂದಾದ್ರ ಇದರ ಮ್ಯಾಲೆ ಮಾಡ್ತೀನಿ."

ಬ್ಲೇಡಿನಿಂದ ಕರಿ ಕವಚದ ಒಂದು ಅಂಚು ಸೀಳಿದಳು. ಒಳಗಿನ ತಟ್ಟೆ ಎಳೆದಳು — ಹೊಗೆಸೊಪ್ಪಿನ ಬಣ್ಣದ ತೆಳು ಹಾಳೆ, ಅಂಚು ಮಾತ್ರ ಹಿಡಿದು. ಗ್ಯಾರೇಜಿನಿಂದ ತರಿಸಿದ, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತೊಳೆದಳು. ಮೊದಲ ಸಲ ಸೋಪು ಹೆಚ್ಚಾಗಿ ಬಿಳಿ ಕಲೆ ಉಳಿಯಿತು. ಯಂತ್ರ ಓದಲಿಲ್ಲ. ನೋಟುಬುಕ್ಕಿನ ಬಲ ಪುಟದಲ್ಲಿ ಬರೆದುಕೊಂಡಳು. ಎರಡನೆಯ ಸಲ ಒಂದೇ ಹನಿ ಸೋಪು, ಮೂರು ನೀರು. ಅಪ್ಪನ ಹಳೆ ಧೋತರದ ತುಂಡಿನ ಮೇಲೆ ನೆರಳಲ್ಲಿ ಒಣಗಿಸಿ, ಬೇರೆ ಕವಚದೊಳಗೆ ಜಾರಿಸಿ ಡ್ರೈವಿಗೆ ಹಾಕಿದಳು.

ಪರದೆಯ ಮೇಲೆ ನಮ್ಮ ಪಟ್ಟಿ ಬಂತು. ಮಲ್ಲಸಮುದ್ರದ ರೈತರ ಹೆಸರು, ಒಂದಕ್ಷರ ತಪ್ಪಿಲ್ಲದೆ.

ಇಷ್ಟಾದರೂ ಇಂದು ಲಾಭಕ್ಕೆ ಕೈ ಹಚ್ಚಲಿಲ್ಲ. "ಕೈ ದಣದೈತ್ರಿ. ದಣದ ಕೈಲೆ ಮಾಡಬಾರ್ದು" ಅಂದಳು. ಮನೆಗೆ ಹೋದಳು. ಎಲ್ಲಿ ನಿಲ್ಲಬೇಕೆಂದು ಗೊತ್ತಿರುವವರನ್ನು ನಾನು ಬಹಳ ಕಂಡಿಲ್ಲ.

೧೪ ನವೆಂಬರ್, ಸೋಮವಾರ

ತೊಳೆದಳು. ನಾನು ನೋಡಲಿಲ್ಲ, ಹೊರಗೆ ನಿಂತಿದ್ದೆ.

ಡ್ರೈವಿಗೆ ಹಾಕಿ ಮೊದಲು ಮಾಡಿದ್ದು ನಕಲು. ಒಂದನೆಯ ಸಲ ನಡುವೆ ನಿಂತಿತು. ತೆಗೆದು, ಡ್ರೈವಿನೊಳಗೆ ಓದುವ ಹೆಡ್ ಒರೆಸಿ, ಮತ್ತೆ. ಮತ್ತೆ ನಿಂತಿತು, ಇನ್ನೂ ಸ್ವಲ್ಪ ಮುಂದೆ. ಮೂರನೆಯ ಸಲ ಕೊನೆ ಮುಟ್ಟಿತು. ಒಂದು ಚೂರೂ ಬಿಟ್ಟಿಲ್ಲ.

ಒಳಗಿನಿಂದ ಕೂಗಿದಳು: "ಸರ್ರ, ಲಾಭ ಆತು!"

ಸೆಕ್ರೆಟರಿ ಓಡಿ ಬಂದರು, ಎಲ್ಲಿ, ಎಷ್ಟು ಅಂತ.

೧೫ ನವೆಂಬರ್, ಮಂಗಳವಾರ

ಬೆಳಿಗ್ಗೆ ೯:೪೦ಕ್ಕೆ ಶುರು. ಅವಳು ಕೀಬೋರ್ಡಿಗೆ, ನಾನು ಪಕ್ಕದಲ್ಲಿ ಫ್ಲಾಪಿ ಕೊಡಲಿಕ್ಕೆ. ಲಾಭದ ನಕಲು ಹಾಕಿದಳು. ಯಂತ್ರ ಎದ್ದಿತು. ಡಿಸ್ಕ್ ಒಪ್ಪ ಮಾಡಿಕೊಂಡಿತು, ತಾಸು ಹಿಡಿಯಿತು. ಮುಂದಿನದು ಕೊಡು ಎಂದು ಇಂಗ್ಲಿಷಿನಲ್ಲಿ ಕೇಳಿತು. ಕೊಟ್ಟೆ. ಎರಡು... ಮೂರು... ಒಂಬತ್ತರಲ್ಲಿ ಗರ್ ಎಂದು ನಿಂತಿತು. ತೆಗೆದು ಅಂಗೈಗೆ ಎರಡು ಸಲ ತಟ್ಟಿ ಮತ್ತೆ ಹಾಕಿದಳು. ಹೋಯಿತು. ಹದಿನಾಲ್ಕು ಮುಗಿದಾಗ ೨:೧೫. ಊಟ ಯಾರೂ ಮಾಡಿಲ್ಲ.

ಮತ್ತೆ ಆರಿಸಿ ಹಚ್ಚಿದಳು. ಗಾಬರಿ ಇಲ್ಲ. ಇಂದಿನ ತಾರೀಕು ಇದೇ ಏನು ಎಂದು ಯಂತ್ರ ಕೇಳಿತು: ೧ ಜನವರಿ ೧೯೭೦. ಅಲ್ಲಿಂದಲೇ ಅದರ ಕಾಲ ಶುರುವಂತೆ. ಪಾಪ, ಹದಿನೆಂಟು ವರ್ಷದ ಪೇಪರ್ ಓದಿಲ್ಲ. ಹಾಜಿರಾಬಿ "ನೀವ ಹೇಳ್ರಿ ಸರ್ರ" ಅಂದಳು. ಅಂಕಿ ಒಂದೊಂದಾಗಿ ಹೇಳಿದೆ. ಒಪ್ಪಿಕೊಂಡಿತು. ನೀನು ಯಾರು ಎಂದು ಕೇಳಿತು. ಅವಳು ತನ್ನ ಹೆಸರು ಬರೆದಳು.

ದೇವೇಂದ್ರಪ್ಪನಿಗೆ ಸೆಕ್ರೆಟರಿ ಫೋನ್ ಮಾಡಿದರು. ಹೇಗೆ ತೊಳೆದರು ಎಂದು ಅವನು ಎರಡು ಸಲ ಕೇಳಿ ಬರೆದುಕೊಂಡನಂತೆ. ಅವನಲ್ಲೂ ಒಂದು ಒಳ್ಳೆಯ ಗುಣ ಇದೆ ಎಂದಾಯಿತು.

೧೬ ನವೆಂಬರ್

ಸೆಕ್ರೆಟರಿ: "ಆತಲ್ರಿ, ಸಿಕ್ತು, ಮೆಮೊ ಹರದ ಒಗೀರಿ. ರಜಿಸ್ಟರ್ ಹಂಗ ಇರ್ಲಿ. ಹದಿನಾಲ್ಕು ಇದ್ದುವು, ಹದಿನಾಲ್ಕು ಅದಾವ."

ಇರಲಿ ಅನ್ನಿಸಿತು. ಒಂದು ನಿಮಿಷ ಅನ್ನಿಸಿತು, ಇಲ್ಲ ಅನ್ನುವುದಿಲ್ಲ. ಆದರೆ ಅಜೆಂಡಾ ಆಗಲೇ ಹನ್ನೊಂದು ಸದಸ್ಯರ ಮನೆ ಮುಟ್ಟಿದೆ. 'ನಿರ್ಲಕ್ಷ್ಯ' ಎಂಬ ಪದ ಅವಳ ಹೆಸರಿನ ಪಕ್ಕದಲ್ಲಿ ಹನ್ನೊಂದು ಪ್ರತಿ. ಸಿಕ್ಕಿತು ಅಂದರೆ, ಕಳೆದವಳೇ ಹುಡುಕಿದಳು ಅಂದುಕೊಳ್ಳುತ್ತಾರೆ. ಪೇಪರಿನವರು ತಪ್ಪು ಹಾಕಿದರೆ ಮರುದಿನ ತಿದ್ದುಪಡಿ ಹಾಕುತ್ತಾರೆ, ಅದೂ ಸಣ್ಣಕ್ಷರದಲ್ಲಿ. ನಾನು ಸದಸ್ಯರಿಗೆ ತಿದ್ದುಪಡಿಯನ್ನು ದೊಡ್ಡಕ್ಷರದಲ್ಲಿ ಬರೆದೆ. ಎಣಿಸದೆ ಬರೆದದ್ದು ನಾನು. ಎಣಿಸುತ್ತೇನೆ ಅಂದವಳನ್ನು ತಡೆದದ್ದು ನಾನು. ಕಳಿಸಿದ್ದು ನಾನು. ತಾರೀಕು, ಜಾವಕ ನಂಬರ್ ಸಹಿತ. ಹನ್ನೊಂದು ಪ್ರತಿ.

ರಜಿಸ್ಟರಿನಲ್ಲಿ ೧೪ನ್ನು ಕೆಂಪು ಶಾಯಿಯಲ್ಲಿ ಹೊಡೆದು, '೧೩ ಹಾಗೂ ಲಾಭ' ಎಂದು ಬರೆದು ಸಹಿ ಮಾಡಿದ್ದೇನೆ.

೨೬ ನವೆಂಬರ್, ಶನಿವಾರ

ಸಭೆ ಎರಡು ತಾಸು. ಹೊರಗೆ ಬೆಂಚಿನ ಮೇಲೆ ನಾವಿಬ್ಬರೂ. ಅವಳು ಯುನಿಕ್ಸ್ ಪುಸ್ತಕ ಓದುತ್ತಿದ್ದಳು. ನಾನು ಒಂದೇ ಪೇಪರನ್ನು ಮೂರು ಸಲ ಓದಿದೆ. ಜಾಹೀರಾತು ಸಹಿತ.

ನಿರ್ಣಯ ೬: ಹಾಜಿರಾಬಿ, ಆಪರೇಟರ್, ೧ ಡಿಸೆಂಬರ್‌ನಿಂದ ಕಾಯಂ. ನಿರ್ಣಯ ೭: ಮೈಲಾರಲಿಂಗಪ್ಪ, ಕಾರಕೂನ, ಇವರಿಗೆ ಲಿಖಿತ ತಾಕೀತು.

ಎರಡನ್ನೂ ಜಾವಕದಲ್ಲಿ ಏರಿಸಿದೆ. ೪೦೨, ೪೦೩. ಎರಡೂ ಸರಿಯಾಗಿವೆ.

೨೮ ನವೆಂಬರ್, ಸೋಮವಾರ. ಆಫೀಸಿನಲ್ಲೇ ಬರೆಯುತ್ತಿದ್ದೇನೆ

ಹಾಜಿರಾಬಿ ಹದಿನಾಲ್ಕಕ್ಕೂ ಹೊಸ ನಕಲು ಮಾಡಿದ್ದಾಳೆ. ಚೀಟಿ ಬರೆಯುವುದು ನನ್ನ ಕೆಲಸ. ೨ರಿಂದ ೧೪ರವರೆಗೆ ಬರೆದೆ. ಒಂದು ಚೀಟಿ ಖಾಲಿ ಉಳಿಯಿತು. ಕೇಳಿದೆ, ಇದಕ್ಕೆ ಏನವಾ?

"ಮುಂದ ಬರೂ ಕಾರಕೂನ್ರಿಗೆ ತಿಳಿಬೇಕಲ್ರಿ" ಅಂದಳು. "ಎರಡೂ ಬರೀರಿ."

ಬರೆದೆ. ೧, ಅದರ ಕೆಳಗೆ ಲಾಭ.

ಬುಡ್ಡೇಸಾಬರು ಮಗಳಿಗೆ ಬುತ್ತಿ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದಾರೆ. ದಾರ ಕಟ್ಟುವ ಮುಂಚೆ ಎಣಿಸಿ ಕೊಡ್ರಿ ಸರ್ರ, ಆಮ್ಯಾಲೆ ಸಹಿ ಮಾಡ್ತೀನಿ ಅನ್ನುತ್ತಿದ್ದಾಳೆ ಇವಳು. ಒಂದೊಂದನ್ನೂ ಮುಟ್ಟಿ. ಎಣಿಸುವಾಗ ನಡುವೆ ಮಾತಾಡಬಾರದು. ಬರೆಯಲೂಬಾರದು ಅಂತ ಕಾಣುತ್ತದೆ, ಬುಡ್ಡೇಸಾಬರು ಪೆನ್ನಿನ ಕಡೆಯೇ ನೋಡುತ್ತಿದ್ದಾರೆ. ಆತ್ರಿ, ಇಡುತ್ತೇನೆ. ಲಾಭ... ಎರಡು... ಮೂರು...